ಬಲ್ಲಾಳ್ತಿಯ ಹಂಚು

"ಮೂವತ್ತೇಳು ಪಾಯಿಂಟ್ ಆರು," ಎಂದು ಜಯತೀರ್ಥ ಬಾಯರಿಯವರು ಕಾಗದದ ಮೇಲೆ ಬರೆದುಕೊಂಡರು.

"ಅಂಕಲ್, ಇದು ಮೂರನೇ ಸಲ. ಅಳೆದಷ್ಟೂ ಬೆಳೀತಾ ಹೋಗುತ್ತಾ ಅದು?" ಮೇಜಿನ ಆಚೆ ಕುಳಿತಿದ್ದ ದೀಪೇಶ್ ಕೇಳಿದ.

"ಹಂಚು ಬೆಳೆಯುವುದಿಲ್ಲ. ಅಳೆಯುವವನ ಕೈ ತಪ್ಪುತ್ತದೆ. ಮೂರು ಸಲವೂ ಒಂದೇ ಬಂದರೆ ಕೈ ತಪ್ಪಿಲ್ಲ." ಜಯತೀರ್ಥರು ಅಳತೆಗೋಲನ್ನು ಅಡ್ಡ ತಿರುಗಿಸಿದರು. "ಅಗಲ ಇಪ್ಪತ್ತೆರಡು ಸೆಂಟಿಮೀಟರ್."

ಸಿಂಗಾಪುರದ ಒನ್-ನಾರ್ತ್‌ನ ಒಂಬತ್ತನೆಯ ಮಹಡಿಯಲ್ಲಿ ದೀಪೇಶನ ಕಂಪನಿಯ ಗಾಜಿನ ಕೋಣೆ ಅದು. ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಕೆಂಪು ಹಂಚು. ಗಾಜಿನ ಆಚೆ ನಡೆದು ಹೋಗುವವರು ಕಾಫಿ ಲೋಟ ಹಿಡಿದು ಒಮ್ಮೆ ಇಣುಕಿ ಮುಂದೆ ಸಾಗುತ್ತಿದ್ದರು.

ಹಂಚು ಅಸಲೋ, ನಕಲೋ? ಗಾಯಗೊಂಡ ಕೆಲಸಗಾರರು ತಂಗುವ ಹಳೆಯ ಮನೆಯೊಂದರ ಜಗಳ ಅದು; ಒಂದು ಕಡೆ ಮನೆ ನಡೆಸುವ ಟ್ರಸ್ಟು, ಇನ್ನೊಂದು ಕಡೆ ದೀಪೇಶ್. ಎರಡೂ ಪಕ್ಷದವರು ಸಹಿ ಹಾಕಿ ಜಯತೀರ್ಥರ ಮುಂದಿಟ್ಟ ಪ್ರಶ್ನೆ ಇದೊಂದೇ. ಉತ್ತರ ಇಂದು ನಾಲ್ಕು ಗಂಟೆಗೆ ಮಧ್ಯಸ್ಥರ ಕಚೇರಿಗೆ ಬರಹದಲ್ಲಿ ತಲುಪಬೇಕು. ಈಗ ಒಂದು ಗಂಟೆ ಹತ್ತು ನಿಮಿಷ.

ಹಂಚಿನ ಹಿಂಭಾಗದಲ್ಲಿ ಎದುರುಬದುರಾದ ಎರಡು ಮೀನುಗಳ ಗುರುತು ಉಬ್ಬಿ ನಿಂತಿತ್ತು. ಅದರ ಕೆಳಗೆ, ಹಸಿ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ಸುಟ್ಟ ನಾಲ್ಕು ಸಾಲು:

ದೇಯಕ್ಕ ಬಲ್ಲಾಳ್ತಿ ಬರೆಸಿದ್ದು.
ಕಡಲು ದಾಟಿ ದುಡಿಯಬಂದು ಕೈಕಾಲು ಮುರಿದವನಿಗೆ ಈ ಮಾಡು.
ಅವನು ಎದ್ದು ನಡೆವ ತನಕ ಅವನನ್ನು ಎಬ್ಬಿಸಬಾರದು.
ನನ್ನ ಹೆಣ್ಣು ಕವಲಿನವರ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರಬಾರದು, ಪರರಿಗೆ ಬಿಡಬಾರದು.

"ಆ ಹೆಣ್ಣು ಕವಲಿನವರು ನೀವು," ಎಂದರು ಜಯತೀರ್ಥರು.

"ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ... ಹಾಗೇ ಆರು ಜನ ಹೆಂಗಸರು, ಆಮೇಲೆ ನಾನು. ಅಳಿಯಸಂತಾನ ಅಂತೆ. ನಾನು ನೆಟ್‌ನಲ್ಲಿ ಓದಿ ತಿಳ್ಕೊಂಡೆ. ಲೈಫಲ್ಲಿ ಇಷ್ಟು ದೊಡ್ಡ ಕ್ಯೂ ನಿಂತಿರ್ಲಿಲ್ಲ ಲಾ."

"ಹಂಚು ನಿಮ್ಮ ಕೈಗೆ ಬಂದದ್ದು ಹೇಗೆ?"

"ಹರಿಣಾಕ್ಷಿ ಆಂಟಿ ಕೊಟ್ರು. ಮನೆ ನೋಡ್ಕೊಳ್ಳೋದು ಅವರೇ ಅಲ್ವಾ? ಮಾಡು ರಿಪೇರಿ ಮಾಡುವಾಗ ಸಿಕ್ತು, ನೀನೇ ಇಟ್ಕೋ ಅಂದ್ರು. ಕ್ಲೇಮ್ ಫೈಲ್ ಮಾಡು ಅಂತ ಹೇಳಿದ್ದೂ ಅವರೇ."

"ಒಪ್ಪಿಗೆಯ ಹಕ್ಕು ನಿಮ್ಮದು ಎಂದಾದರೆ ಆ ಮನೆಯಲ್ಲಿರುವ ಹನ್ನೊಂದು ಜನರನ್ನು ಏನು ಮಾಡುತ್ತೀರಿ?"

"ಏನೂ ಮಾಡಲ್ಲ. ಇರ್ಲಿ. ಆಂಟಿಗೆ ಪ್ರಾಮಿಸ್ ಮಾಡಿದೀನಿ." ದೀಪೇಶ್‌ನ ದನಿಯಲ್ಲಿದ್ದ ನಗೆ ಇಳಿಯಿತು. "ನೀವು ನಂಬಲ್ಲ ಅಲ್ವಾ ಅಂಕಲ್?"

"ಬಾಯಿಮಾತಿಗೆ ಅಳತೆಗೋಲಿಲ್ಲ," ಎಂದು ಜಯತೀರ್ಥರು ಹಂಚಿನ ಬಲ ಮೂಲೆಗೆ ಬೆರಳು ಒಯ್ದರು.

ಆ ಮೂಲೆ ಹೆಬ್ಬೆರಳಿನಷ್ಟು ಮುರಿದಿತ್ತು. ಉಗುರನ್ನು ಮುರಿದ ಜಾಗದ ಉದ್ದಕ್ಕೂ ಎಳೆದರು. ಉಗುರು ಎಲ್ಲಿಯೂ ತಡೆಯಲಿಲ್ಲ. ಸುಟ್ಟ ಹಂಚು ಮುರಿದರೆ ಅಂಚು ಗರಗಸದಂತಿರಬೇಕು. ಇದು ಬೆಣ್ಣೆಯ ಮೇಲೆ ಬೆರಳೊತ್ತಿದಂತೆ ನುಣುಪಾಗಿತ್ತು.

ಅವರು ಮೂಲೆಯ ಆಕಾರವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ತೆಗೆದುಕೊಂಡು ಎದ್ದರು.

ಸೆಲೆಟಾರ್‌ನಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆಯುವ ಕೋಣೆಯೊಂದರಲ್ಲಿ ಮೂವತ್ತೊಂದು ವರ್ಷ ಕಳೆದ ಮನುಷ್ಯ ಜಯತೀರ್ಥರು. ಕೂದಲೆಳೆಯ ಹತ್ತನೆಯ ಒಂದು ಪಾಲು ಹೆಚ್ಚಿದ್ದರೂ ರೆಕ್ಕೆಯ ಬೋಲ್ಟನ್ನು ತಿರಸ್ಕರಿಸಿದವರು. ನಿವೃತ್ತಿಯ ನಂತರ ಜನ ತಮ್ಮ ಜಗಳಗಳನ್ನು ಅವರ ಬಳಿ ತರತೊಡಗಿದರು. ಅವರು ಕೂಡ ಜಗಳಗಳನ್ನು ಬೋಲ್ಟಿನಂತೆಯೇ ನೋಡಿದರು: ಒಂದೋ ಕೂರುತ್ತದೆ, ಇಲ್ಲವೇ ಕೂರುವುದಿಲ್ಲ.

ಶನಿವಾರ ಟ್ರಸ್ಟಿನ ಅಧ್ಯಕ್ಷ ಜಗದೀಶ ಅವರ ಮನೆಗೆ ಬಂದು ಕೈ ಮುಗಿದಿದ್ದ. "ಆ ಹನ್ನೊಂದು ಜನರ ಮುಖ ನೋಡಿ ಬಾಯರಿಯವರೇ. ಮನೆ ಆ ಹುಡುಗನ ಮುಷ್ಟಿಗೆ ಹೋದರೆ ಅವರೆಲ್ಲ ಬೀದಿಗೆ. ನಿಮ್ಮಷ್ಟು ನಿಖರವಾಗಿ ಅಳೆಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ."

ಹೊಗಳಿಕೆಗೆ ಜಯತೀರ್ಥರು ಉಬ್ಬಿರಲಿಲ್ಲ. ಆದರೆ ಹನ್ನೊಂದು ಎಂಬ ಸಂಖ್ಯೆ ಮನಸ್ಸಿನಲ್ಲಿ ಉಳಿದಿತ್ತು.

ಸೆರಂಗೂನ್ ರಸ್ತೆಯ ಹಿಂದಿನ ಓಣಿಯಲ್ಲಿ ಆ ಮನೆ. ಕೆಳಗೆ ಒಂದು ಕಾಲದಲ್ಲಿ ಅಂಗಡಿ, ಮೇಲೆ ವಾಸ. ಎರಡಕ್ಕೂ ಮಂಗಳೂರು ಹಂಚಿನ ಇಳಿಜಾರು ಮಾಡು. ಬಾಗಿಲ ಮುಂದಿನ ನೆರಳಿನಲ್ಲಿ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸಾಗರ್ ಕುಳಿತಿದ್ದ. ಗಂಗೊಳ್ಳಿಯವನು, ಹಡಗು ಕಟ್ಟೆಯಲ್ಲಿ ವೆಲ್ಡರ್. ಆರು ತಿಂಗಳ ಹಿಂದೆ ಅವನ ಬಲ ಪಾದದ ಮೇಲೆ ಉಕ್ಕಿನ ಹಲಗೆ ಬಿದ್ದಿತ್ತು.

"ಸರ್, ರಿಸಲ್ಟ್ ಎಂತ? ಪಾಸಾ, ಫೇಲಾ?"

"ನಾಲ್ಕು ಗಂಟೆಗೆ."

"ನಾಲ್ಕಕ್ಕೆ ಹೇಳಿದರೆ ನಾಲ್ಕೂವರೆಗೆ ಗಂಟು ಕಟ್ಟಬಹುದು. ನನ್ನದು ಎಂತ ಉಂಟು, ಒಂದು ಬ್ಯಾಗ್, ಎರಡು ಕಾಲಿಗೆ ಸೇರಿ ಏಳು ಬೆರಳು." ಸಾಗರ್ ಪಾದ ಎತ್ತಿ ತೋರಿಸಿದ. "ವಾರಕ್ಕೆ ಸರಿಯಾಗಿ ಏಳು. ಭಾನುವಾರದ್ದು ಮಾತ್ರ ಸ್ವಲ್ಪ ನೋಯುತ್ತದೆ."

ಜಯತೀರ್ಥರು ನಗಲಿಲ್ಲ. "ಇಲ್ಲಿಂದ ಹೋದರೆ ಎಲ್ಲಿಗೆ?"

"ಕಂಪನಿಯ ಡಾರ್ಮಿಟರಿಯಲ್ಲಿ ಕೆಲಸ ಮಾಡುವವನಿಗೆ ಮಾತ್ರ ಮಂಚ. ಇನ್ನೊಂದು ಆಪರೇಷನ್ ಬಾಕಿ, ಪರಿಹಾರದ ಕೇಸೂ ಬಾಕಿ. ಇರಲಿಕ್ಕೆ ಜಾಗ ಇಲ್ಲದಿದ್ದರೆ ಆಪರೇಷನ್ನೂ ಬೇಡ, ಕೇಸೂ ಬೇಡ ಅಂತ ಬರೆದುಕೊಟ್ಟು ಊರಿಗೆ ಹೋಗುವುದು. ಹೋದ ವರ್ಷ ಹಾಗೆ ಎಷ್ಟು ಜನ ಹೋದರು ಅಂತ ಹರಿಣಾಕ್ಷಿ ಅಕ್ಕನ ಹತ್ತಿರ ಕೇಳಿ." ಅವನ ದನಿ ಸಪ್ಪಗಾಯಿತು. "ಈ ಬಾಗಿಲಿಗೆ ಬಂದವರಲ್ಲಿ ಮಾತ್ರ ಯಾರೂ ಹಾಗೆ ಹೋಗಲಿಲ್ಲ ಸರ್."

ಇಂಥವನೊಬ್ಬನಿಂದಲೇ ಈ ಮನೆ ಹುಟ್ಟಿದ್ದು. ದೇಯಕ್ಕ ಬಲ್ಲಾಳ್ತಿ ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಇಪ್ಪತ್ತೇಳನೆಯ ವಯಸ್ಸಿಗೆ, ಕರಾವಳಿಯ ಅಂಬಡೆಮಾರು ಬೀಡಿನ, ಎಂದರೆ ದೊಡ್ಡ ಜಮೀನ್ದಾರಿ ಮನೆಯ, ಯಜಮಾನಿಕೆ ಹೊತ್ತವಳು. ಹೊಳೆಯ ಎರಡೂ ದಡದ ಗದ್ದೆ ಅವಳದು. ನೆರೆಗೆ ಮೂರು ವರ್ಷ ಸತತ ಬೆಳೆ ಕೊಚ್ಚಿಹೋದಾಗ, ಉಳಿದ ಕೆಸರನ್ನು ಕೈಯಲ್ಲಿ ಹಿಸುಕಿ ನೋಡಿ, ಇದು ಆವೆಮಣ್ಣು, ಭತ್ತಕ್ಕಲ್ಲದಿದ್ದರೆ ಹಂಚಿಗೆ ಆದೀತು ಎಂದಳಂತೆ. ಬೀಡಿನವರು ನಕ್ಕರು. ಎರಡು ವರ್ಷದೊಳಗೆ ಹೊಳೆಯ ದಡದಲ್ಲಿ ಹೊಗೆಕೊಳವೆ ಎದ್ದಿತು. ಮುನ್ನೂರು ಜನರಿಗೆ ಕೆಲಸ. ಅದರಲ್ಲಿ ಅರ್ಧ ಗಂಡನಿಲ್ಲದ ಹೆಂಗಸರು. ಕಾರ್ಖಾನೆಯ ಪಕ್ಕದಲ್ಲಿ ಗಂಜಿಯ ಛತ್ರ, ಛತ್ರದ ಪಕ್ಕದಲ್ಲಿ ಹೆರಿಗೆಯ ಮನೆ.

ಎರಡು ಮೀನಿನ ಹಂಚು ಹಡಗು ಹತ್ತಿ ಸಿಂಗಾಪುರಕ್ಕೆ ಬಂತು. ಒಂದು ಸಲ ಹಂಚು ಇಳಿಸುವಾಗ ಅವಳ ಊರಿನ ಆಳೊಬ್ಬನ ಕಾಲು ಜಜ್ಜಿತು. ಹಡಗು ಅವನನ್ನು ಬಿಟ್ಟು ಹೋಯಿತು. ಈ ಓಣಿಯಲ್ಲೇ ಎಲ್ಲೋ ಬಿದ್ದು ಒಂಬತ್ತನೆಯ ದಿನ ಸತ್ತ. ಸುದ್ದಿ ತಲುಪಿದ ವರ್ಷವೇ ಬಲ್ಲಾಳ್ತಿ ಈ ಮನೆಯನ್ನು ಕೊಂಡು ತನ್ನ ಹಂಚು ಹೊದಿಸಿದಳು.

ಅವಳಿಗೆ ಒಂದು ಪದ್ಧತಿಯಿತ್ತು. ಗೆದ್ದಲು ತಿನ್ನುವ ಕಾಗದವನ್ನು ನಂಬುತ್ತಿರಲಿಲ್ಲ. ದಾನ ಕೊಟ್ಟ ಪ್ರತಿ ಮನೆಗೂ ಹಸಿ ಹಂಚಿನ ಮೇಲೆ ಮಾತು ಬರೆಸಿ, ಸುಡಿಸಿ, ಬರಹ ಕೆಳಗೆ ಕಾಣುವಂತೆ ಮಾಡಿನಲ್ಲಿ ಕೂರಿಸುತ್ತಿದ್ದಳು. ಮಲಗಿದ ರೋಗಿ ಕಣ್ಣು ಬಿಟ್ಟರೆ ತನ್ನ ಹಕ್ಕು ತನ್ನ ಕಣ್ಣಿಗೇ ಬೀಳಬೇಕು. ಇಲ್ಲಿ ಯಾರೋ ನಡುವೆ ಹಲಗೆಯ ಚಾವಣಿ ಹೊಡೆದದ್ದರಿಂದ ಆ ಮಾತು ನೂರು ವರ್ಷ ಕತ್ತಲಲ್ಲಿತ್ತು. ಹಾಗೆಂದು ಎಲ್ಲರೂ ಹೇಳುತ್ತಿದ್ದರು.

ಜಯತೀರ್ಥರು ನೇರ ಹಿತ್ತಿಲಿಗೆ ಹೋದರು. ರಿಪೇರಿಯಲ್ಲಿ ಇಳಿಸಿದ ಹಳೆಯ ಹಂಚುಗಳು ಗೋಡೆಗೆ ಒರಗಿದ್ದವು. ಒಂದನ್ನು ಎತ್ತಿ ಅಳೆದರು. ಉದ್ದ ನಲವತ್ತೊಂದು. ಅಗಲ ಇಪ್ಪತ್ತನಾಲ್ಕು. ಇನ್ನೊಂದು, ಮತ್ತೊಂದು, ಹತ್ತು ಹಂಚು ಅಳೆದರೂ ಅದೇ. ಮೀನಿನ ಉದ್ದ ಇಲ್ಲಿ ಆರು. ದೀಪೇಶನ ಹಂಚಿನಲ್ಲಿ ಐದೂವರೆ.

ನಲವತ್ತೊಂದಕ್ಕೆ ಮೂವತ್ತೇಳು ಪಾಯಿಂಟ್ ಆರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತೆರಡು. ಆರಕ್ಕೆ ಐದೂವರೆ. ಮೂರೂ ಕಡೆ ಹನ್ನೆರಡರಲ್ಲಿ ಒಂದು ಪಾಲು ಕಡಿಮೆ.

ಕಡಿಮೆಯಾದದ್ದು ಅವರನ್ನು ತಟ್ಟಲಿಲ್ಲ. ಮೂರೂ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆಯಾದದ್ದು ತಟ್ಟಿತು.

ಆಮೇಲೆ ಮೂಲೆ ಮುರಿದ ಹಂಚುಗಳನ್ನು ಹುಡುಕಿದರು. ಒಟ್ಟು ಇನ್ನೂರ ಹದಿನಾಲ್ಕರಲ್ಲಿ ಒಂಬತ್ತು. ಪೆನ್ಸಿಲಿನ ಆಕಾರಕ್ಕೆ ಒಂದೂ ಹೊಂದಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ಗಡಿಯಾರ ಎರಡು ಐವತ್ತು ತೋರಿಸಿತು. ಕೈ ತೊಳೆಯಲು ಅಡುಗೆಮನೆಗೆ ಹೋದವರು ಬಾಗಿಲಲ್ಲೇ ನಿಂತರು. ಗಂಜಿಯ ಪಾತ್ರೆಯ ಅಡಿಯಿಂದ ಕೆಂಪು ಅಂಚೊಂದು ಇಣುಕುತ್ತಿತ್ತು.

ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ಎಂತ ನೋಡುವುದು ಬಾಯರಿಯವರೇ? ಗಂಜಿ ಬೇಕಾ?" ಹರಿಣಾಕ್ಷಿ ಒಲೆಯ ಮುಂದಿನಿಂದ ತಿರುಗಿದಳು. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಹತ್ತೊಂಬತ್ತು ವರ್ಷಗಳಿಂದ ಈ ಮನೆಯ ಅಡುಗೆ, ಔಷಧಿ, ಬೈಗುಳ ಮೂರೂ ಅವಳ ಕೈಯಲ್ಲಿ.

"ಆ ಪಾತ್ರೆ ಎತ್ತಿ."

"ಬಿಸಿ ಉಂಟು. ಈಗಷ್ಟೇ ಇಳಿಸಿದ್ದು."

"ಕಾಯುತ್ತೇನೆ."

ಹರಿಣಾಕ್ಷಿ ಅವರ ಮುಖ ನೋಡಿದಳು. ಆಮೇಲೆ ಬಟ್ಟೆ ಹಿಡಿದು ಗಂಜಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ಅಡಿಯಲ್ಲಿ ಒಂದು ಹಂಚು. ಬಲ ಮೂಲೆ ಮುರಿದಿತ್ತು; ಮುರಿದ ಅಂಚು ಗರಗಸದ ಹಾಗೆ.

ಜಯತೀರ್ಥರು ಪೆನ್ಸಿಲಿನ ಚಿತ್ರವನ್ನು ಪಕ್ಕದಲ್ಲಿಟ್ಟರು. ಅದೇ ಆಕಾರ, ಅದೇ ಪ್ರಮಾಣದಲ್ಲಿ ದೊಡ್ಡದು. ಹಂಚಿನ ಮೇಲೆ ಬರಹವಿರಲಿಲ್ಲ; ಮೀನುಗಳ ಗೆರೆಯೊಳಗೆ ಬಿಳಿಯದೇನೋ ಕೂತಿತ್ತು.

"ಅಕ್ಕಿ ಹಿಟ್ಟು," ಎಂದಳು ಹರಿಣಾಕ್ಷಿ, ಕೇಳುವ ಮೊದಲೇ.

"ಅಕ್ಕಿ ಹಿಟ್ಟು ಉಗುರಿಗೆ ಉದುರುತ್ತದೆ. ಇದು ಪ್ಲಾಸ್ಟರ್." ಅವರು ಸ್ಟೂಲ್ ಎಳೆದು ಕುಳಿತರು. "ಎಲ್ಲಿ ಸುಡಿಸಿದಿರಿ?"

"ಯಾವುದನ್ನು?"

"ಹರಿಣಾಕ್ಷಿಯವರೇ, ಆವೆಮಣ್ಣು ಒಣಗುವಾಗ ಒಮ್ಮೆ ಕುಗ್ಗುತ್ತದೆ, ಸುಡುವಾಗ ಇನ್ನೊಮ್ಮೆ. ಎರಡೂ ಸೇರಿ ಸುಮಾರು ಹನ್ನೆರಡರಲ್ಲೊಂದು ಪಾಲು. ಬಲ್ಲಾಳ್ತಿಯ ಕಾರ್ಖಾನೆಯವರಿಗೆ ಇದು ಗೊತ್ತಿತ್ತು. ಅವರು ಅಚ್ಚನ್ನೇ ಅಷ್ಟು ದೊಡ್ಡದು ಮಾಡುತ್ತಿದ್ದರು. ನೀವು ಸುಟ್ಟ ಹಂಚಿನ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿರಿ. ಆ ಅಚ್ಚಿನಲ್ಲಿ ಒತ್ತಿದ ಹಸಿ ಹಂಚು ಮತ್ತೆ ಕುಗ್ಗಿತು. ಮೀನೂ ಕುಗ್ಗಿತು, ಮುರಿದ ಮೂಲೆಯೂ ಕುಗ್ಗಿತು. ಹಾಗೆ ಕುಗ್ಗಿದ ಹಂಚು ಈ ಮಾಡಿನ ಮರದ ರೀಪುಗಳ ಮೇಲೆ ಕೂರುವುದೇ ಇಲ್ಲ. ನೂರು ವರ್ಷ ಇರಲಿ, ಒಂದು ಮಳೆಗೂ ಅದು ಅಲ್ಲಿ ಇದ್ದಿರಲಾರದು."

ಒಲೆಯ ಮೇಲೆ ಒಗ್ಗರಣೆ ಸೀಯತೊಡಗಿತ್ತು. ಹರಿಣಾಕ್ಷಿ ಕೈ ಚಾಚಿ ಗ್ಯಾಸ್ ಆರಿಸಿದಳು.

"ಒಂದು ಹಂಚಿಗೆ ಇಷ್ಟು ಗಣಿತ ಉಂಟು ಅಂತ ಯಾರಿಗೆ ಗೊತ್ತು ಮಾರಾಯ್ರೇ," ಎಂದಳು. "ಬೂನ್ ಲೇ ಆಚೆ ಮಡಕೆ ಮಾಡುವ ಕ್ಲಾಸ್ ಉಂಟು. ಆರು ಭಾನುವಾರ ಹೋದೆ. ಹೂಕುಂಡ ಮಾಡ್ತೇನೆ ಅಂತ ಹೇಳಿದ್ದು. ಆ ಟೀಚರ್ ನನ್ನ ಹಂಚು ನೋಡಿ, 'ಆಂಟಿ, ವೆರಿ ಮಾಡರ್ನ್' ಅಂದಳು."

"ದೀಪೇಶನಿಗೆ ಗೊತ್ತೇ?"

"ಇಲ್ಲ. ಆ ಮಗುವಿಗೆ ಗೊತ್ತಿಲ್ಲ. ಅವನ ಮೇಲೆ ಒಂದು ಮಾತು ಬರೆದರೆ ನೋಡಿ."

"ಯಾಕೆ ಮಾಡಿದಿರಿ?"

"ಎರಡು ತಿಂಗಳ ಹಿಂದೆ ಒಬ್ಬಳು ಹೆಂಗಸು ಬಂದಳು, ಕೆಂಪು ಲೈಟಿನ ಅಳತೆ ಮೆಷಿನ್ ಹಿಡಿದುಕೊಂಡು. ಜಗದೀಶಣ್ಣ ಜೊತೆಯಲ್ಲೇ ಇದ್ದರು. ಸಾಗರ್‌ನ ಮಂಚ ತೋರಿಸಿ ರಿಸೆಪ್ಷನ್ ಅಂದಳು. ಈ ಒಲೆ ತೋರಿಸಿ ಕಾಫಿ ಬಾರ್ ಅಂದಳು. ನಾನು ಗಂಜಿ ತೊಳಸುತ್ತಾ ಇದ್ದೆ; ನನ್ನನ್ನು ಎಂತ ಮಾಡ್ತಾರೋ ಹೇಳಲಿಲ್ಲ." ಹರಿಣಾಕ್ಷಿ ಸೆರಗಿನಿಂದ ಕತ್ತು ಒರೆಸಿದಳು. "ಹೋಟೆಲ್ ಅಂತೆ. ಮನೆ ಪೂರ್ತಿ ಅವರಿಗೆ ಬಿಡುವುದು. ಟ್ರಸ್ಟಿನ ಕೈ ಕಟ್ಟುವವರು ಯಾರೂ ಇಲ್ಲ ಅಲ್ಲ? ಹಂಚು ಒಂದೇ."

ಜಯತೀರ್ಥರಿಗೆ ಶನಿವಾರ ಜಗದೀಶ ಮುಗಿದ ಕೈ ಕಣ್ಣ ಮುಂದೆ ಬಂತು.

"ಇದನ್ನು ನನಗೆ ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ನೀವು ಹಂಚು ಅಸಲು ಅಂತ ಬರೆಯುತ್ತಿದ್ದಿರಾ?"

"ಇಲ್ಲ."

"ಮತ್ತೆ!"

"ಸುಳ್ಳಿನ ಮೇಲೆ ಮಾಡು ನಿಲ್ಲುವುದಿಲ್ಲ ಹರಿಣಾಕ್ಷಿಯವರೇ."

"ನಿಮ್ಮ ಸತ್ಯದ ಅಡಿಯಲ್ಲಿ ಈ ಹನ್ನೊಂದು ಜನ ಮಲಗಬಹುದಾ? ಜಾಗ ಸಾಲುತ್ತದಾ? ಅಳೆದು ಹೇಳಿ." ಅವಳ ದನಿ ಮೊದಲ ಸಲ ಏರಿತು. "ನನ್ನ ಗಂಡ ಆ ಮೂಲೆಯ ಕೋಣೆಯಲ್ಲಿ ಏಳು ತಿಂಗಳು ಮಲಗಿದರು. ಕ್ರೇನ್ ಬಿದ್ದದ್ದು. ಬದುಕಲಿಲ್ಲ. ಆದರೆ ಬೀದಿಯಲ್ಲಿ ಸಾಯಲಿಲ್ಲ. ಅಷ್ಟಕ್ಕೆ ನಾನು ಇಲ್ಲಿ ಉಳಿದದ್ದು."

ಜಯತೀರ್ಥರು ಕಾಗದ ನೋಡಿದರು. ಲೆಕ್ಕ ಮುಗಿದಿತ್ತು. ಒಂದು ವಾಕ್ಯ ಬರೆದು ಸಹಿ ಹಾಕಿ ಕಳಿಸಿದರೆ ಅವರ ಕೆಲಸವೂ ಮುಗಿಯುತ್ತಿತ್ತು. ಆದರೆ ಅಂಕಿಗಳೆಲ್ಲ ಸರಿಯಾಗಿ ಕೂತ ಮೇಲೂ ಒಂದು ಚೂರು ಹೊರಗೆ ಉಳಿದಿತ್ತು. ಅಳೆಯುವ ಕೋಣೆಯಲ್ಲಿ ಹಾಗೆ ಉಳಿದದ್ದನ್ನು ಅವರು ಎಂದೂ ಗುಡಿಸಿ ಹಾಕಿದವರಲ್ಲ.

"ಆ ನಾಲ್ಕು ಸಾಲು ನೀವೇ ಕಟ್ಟಿದ್ದೇ?"

ಹರಿಣಾಕ್ಷಿ ಒಲೆಯ ಕಡೆಗೆ ತಿರುಗಿದಳು.

"ಸುಳ್ಳು ಬರೆಯಲು ಕೂತವರು ಕಡಿಮೆ ಕೇಳುವುದಿಲ್ಲ. ಮನೆಯೇ ನಮ್ಮದು ಎಂದು ಬರೆಯುತ್ತಾರೆ. ಇಲ್ಲಿ ಹಾಗಿಲ್ಲ. ಮನೆ ಕೈಕಾಲು ಮುರಿದವನದು, ಕವಲಿನವರಿಗೆ ಒಂದು ಒಪ್ಪಿಗೆ ಮಾತ್ರ. ಇಷ್ಟು ಬಿಗಿಯಾಗಿ ತನ್ನವರ ಕೈಯನ್ನೂ ಕಟ್ಟಿ ಬರೆಸಬೇಕಾದರೆ ಅದು ಬಲ್ಲಾಳ್ತಿಯೇ ಆಗಬೇಕು. ಈ ಮಾತು ನಿಮಗೆ ಎಲ್ಲಿ ಸಿಕ್ಕಿತು?"

"ಮಾಡಿನಲ್ಲಿ," ಎಂದಳು ಹರಿಣಾಕ್ಷಿ. "ಇತ್ತು ಬಾಯರಿಯವರೇ. ಅಸಲಿ ಹಂಚು ಇತ್ತು. ಮೊದಲ ದಿನ ಚಾವಣಿ ಕಿತ್ತಾಗ ನಾನೇ ಕಂಡದ್ದು. ಕೆಲಸದವರ ಹತ್ತಿರ ಇಳಿಸಿ, ತೊಳೆದು, ಹತ್ತು ಸಲ ಓದಿದೆ. ನನ್ನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಜಗದೀಶಣ್ಣನಿಗೆ ಫೋನ್ ಮಾಡಿದೆ. ಖುಷಿಯಿಂದ ಮಾಡಿದ್ದು! ಮರುದಿನ ಬೆಳಿಗ್ಗೆ ಸಾಗರ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದು ನೋಡಿದರೆ ಬೀಗ ಹಾಗೇ ಉಂಟು. ಹಂಚು ಇಲ್ಲ."

"ಆ ಕಪಾಟಿನ ಇನ್ನೊಂದು ಕೀಲಿ?"

"ಟ್ರಸ್ಟಿನ ಆಫೀಸಿನಲ್ಲಿ."

"ಕೇಳಿದಿರಾ?"

"ಕೇಳಿದೆ. 'ಯಾವ ಹಂಚು ಹರಿಣಾಕ್ಷಿ? ನಿನಗೆ ಬಿಸಿಲು ತಾಗಿದೆ' ಅಂದರು. ಒಂದು ಫೋಟೋ ತೆಗೆಯಬೇಕು ಅಂತ ತೋಚಲಿಲ್ಲ ನನಗೆ. ಅದಕ್ಕೆ ನೆನಪಿನಲ್ಲಿದ್ದದ್ದನ್ನು ಮತ್ತೆ ಬರೆದೆ. ಒಂದು ಅಕ್ಷರ ನನ್ನದಲ್ಲ."

"ನಾಲ್ಕೇ ಸಾಲು ಇದ್ದದ್ದೇ?"

"ಐದು. ಕೊನೆಯದರ ಮೇಲೆ ಗಾರೆ ಮೆತ್ತಿಕೊಂಡಿತ್ತು. ಕೆರೆದರೆ ಒಡೆದೀತು ಅಂತ ಬಿಟ್ಟೆ. ಅದರಲ್ಲಿ ಎಂತ ಇತ್ತು ಅಂತ ದೇವರಾಣೆ ಗೊತ್ತಿಲ್ಲ."

ಜಯತೀರ್ಥರು ಕನ್ನಡಕ ತೆಗೆದು ಒರೆಸಿದರು. ಕೈಯಲ್ಲಿರುವುದು ನಕಲು, ಅದರ ಮೇಲಿನ ಮಾತು ಅಸಲು. ನಕಲು ಎಂದು ಬರೆದರೆ ಅಂಕಿ ಸರಿ, ಫಲ ತಪ್ಪು. ಅಸಲು ಎಂದು ಬರೆದರೆ ಫಲ ಸರಿ, ಅಂಕಿ ಸುಳ್ಳು. ಮೂವತ್ತೊಂದು ವರ್ಷದಲ್ಲಿ ಇಂಥ ಬೋಲ್ಟ್ ಅವರ ಮೇಜಿಗೆ ಬಂದಿರಲಿಲ್ಲ. ಜೊತೆಗೆ, ಇದೆಲ್ಲಕ್ಕೂ ಇದ್ದ ಆಧಾರ ಹರಿಣಾಕ್ಷಿಯ ಬಾಯಿಮಾತು.

"ಸರ್!" ಹೊರಗಿನಿಂದ ಸಾಗರ್ ಕೂಗಿದ. "ಸರ್, ಒಮ್ಮೆ ಬನ್ನಿ! ಅಕ್ಕಾ!"

ಬಾಗಿಲ ಬಳಿ ನೀಲಿ ಅಂಗಿಯ ಚೀನೀ ಮುದುಕನೊಬ್ಬ ಪೆಟ್ಟಿಗೆ ತೆರೆದು ಡ್ರಿಲ್ಲಿಗೆ ಕೊರೆಯುವ ಮುಳ್ಳು ಹಾಕುತ್ತಿದ್ದ. ಪಕ್ಕದಲ್ಲಿ ಹೊಸ ಬೀಗ ಎರಡು, ಇನ್ನೂ ಪ್ಲಾಸ್ಟಿಕ್ ಬಿಚ್ಚದವು. ಸಾಗರ್ ಹೊಸ್ತಿಲ ಮೇಲೆ ಅಡ್ಡ ಕುಳಿತು ಊರುಗೋಲನ್ನು ಗಡಿಕಂಬದಂತೆ ನೆಟ್ಟಿದ್ದ.

"ಬೀಗ ಚೇಂಜ್ ಅಂತೆ. ಆರು ಗಂಟೆ ಒಳಗೆ ಮನೆ ಖಾಲಿ ಅಂತೆ. ಅಂಕಲ್ ಒಳ್ಳೆಯವರು, ನನ್ನ ಕಾಲು ನೋಡಿ ಸಾರಿ ಅಂದರು. ಆದರೆ ಡ್ರಿಲ್ ಮಾತ್ರ ಕೆಳಗಿಡುವುದಿಲ್ಲ."

ಜಯತೀರ್ಥರು ಕೈ ಚಾಚಿದರು. ಮುದುಕ ತನ್ನ ಕೆಲಸದ ಚೀಟಿ ಕೊಟ್ಟ. ಟ್ರಸ್ಟಿನ ಹೆಸರು. ಇಂದಿನ ತಾರೀಕು, ವೇಳೆ ಮೂರೂವರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಕೆಲಸ ಬುಕ್ ಮಾಡಿದ ದಿನ: ಗುರುವಾರ.

ಜಗದೀಶ ಅವರ ಮನೆಗೆ ಬಂದದ್ದು ಶನಿವಾರ.

ಪ್ರಶ್ನೆ ಕೇಳುವ ಎರಡು ದಿನ ಮೊದಲೇ ಒಬ್ಬನಿಗೆ ಉತ್ತರ ಗೊತ್ತಿತ್ತು. ದೀಪೇಶನ ಕೈಯಲ್ಲಿರುವುದು ನಕಲೆಂದು ಅಳೆಯದೆಯೇ ಖಚಿತವಾಗಿ ತಿಳಿಯುವುದು ಯಾರಿಗೆ? ಅದನ್ನು ಮಾಡಿದವಳಿಗೆ. ಇಲ್ಲವೇ, ಅಸಲನ್ನು ಇಟ್ಟುಕೊಂಡವನಿಗೆ.

ನಿಖರವಾಗಿ ಅಳೆಯುವವನನ್ನು ಜಗದೀಶ ಹುಡುಕಿ ತಂದದ್ದು ಇದಕ್ಕೇ. ಅಳತೆ ಸರಿಯಾದಷ್ಟೂ ಅವನಿಗೆ ಲಾಭ. ನಕಲು ಎಂಬ ಮುದ್ರೆ ಬಿದ್ದ ಮೇಲೆ ಅಸಲನ್ನು ಹುಡುಕುವವರು ಯಾರು?

ಜಯತೀರ್ಥರ ಕಿವಿ ಬಿಸಿಯಾಯಿತು. ಅವರನ್ನು ಯಾರೂ ಇಷ್ಟು ಸರಿಯಾಗಿ ಅಳೆದಿರಲಿಲ್ಲ.

ಅವರು ಫೋನ್ ತೆಗೆದು ತಾವೇ ಕರೆ ಮಾಡಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು.

"ನಮಸ್ಕಾರ ಬಾಯರಿಯವರೇ!" ಜಗದೀಶನ ದನಿ ತುಪ್ಪದಲ್ಲಿ ಅದ್ದಿದಂತಿತ್ತು. "ರಿಪೋರ್ಟ್ ಕಳಿಸಿದ್ದೀರಾ?"

"ಬರೆಯುತ್ತಿದ್ದೇನೆ. ಹಂಚು ನಕಲು."

ಹರಿಣಾಕ್ಷಿ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದಳು. ಸಾಗರ್ ತಲೆ ತಗ್ಗಿಸಿದ.

"ನನಗೆ ಗೊತ್ತಿತ್ತು. ನಿಮ್ಮಂಥವರ ಕೈಗೆ ಕೊಟ್ಟರೆ..."

"ಮುಗಿದಿಲ್ಲ. ನಕಲು ಎಂದರೆ ಅಸಲೊಂದು ಇರಬೇಕು. ನನ್ನ ವರದಿಯ ಎರಡನೆಯ ವಾಕ್ಯ ಅದು. ಅಸಲಿನಲ್ಲಿ ಐದು ಸಾಲು ಇದ್ದವು ಎಂಬುದು ಮೂರನೆಯದು. ಗುರುವಾರ ಬುಕ್ ಮಾಡಿದ ಬೀಗದ ಚೀಟಿ ನಾಲ್ಕನೆಯದು. ಐದನೆಯ ವಾಕ್ಯವನ್ನು ನೀವೇ ಹೇಳಿ ಜಗದೀಶರೇ. ಆ ಐದನೆಯ ಸಾಲಿನಲ್ಲಿ ಏನಿದೆ?"

ಮುದುಕ ಡ್ರಿಲ್ ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಓಣಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುವ ಕೀಂ ಕೀಂ ಸದ್ದು.

ಜಗದೀಶ ಮೆಲ್ಲಗೆ ನಕ್ಕ.

"ಐದನೆಯ ಸಾಲು ಅಂತ ಒಂದು ಇದ್ದರೆ, ಬಾಯರಿಯವರೇ, ಇದ್ದರೆ ಅಂತ ಹೇಳುತ್ತೇನೆ, ಅದರಲ್ಲಿ ಈ ಮನೆಯ ಮೇಲ್ವಿಚಾರಣೆ ಯಾರು ನೋಡಿಕೊಳ್ಳಬೇಕು ಅಂತ ಇರಬಹುದು. ಹಾಗೆ ಹೆಸರಿರುವವರು ಇದರ ತೀರ್ಪು ಹೇಳಲಿಕ್ಕೆ ಆಗುತ್ತದಾ? ತನ್ನ ಮನೆಯ ಜಗಳಕ್ಕೆ ತಾನೇ ಪಂಚ ಆದ ಹಾಗೆ. ನೀವು ಎಷ್ಟು ವಾಕ್ಯ ಬರೆದರೂ ಮಧ್ಯಸ್ಥರು ಕಸದ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಆ ಹನ್ನೊಂದು ಜನರ ಪರವಾಗಿ ಮಾತಾಡುವವರು ಯಾರು? ಒಂದೇ ವಾಕ್ಯ ಬರೆದು ಕಳಿಸಿ. ಕಡವಿನಬಾಗಿಲಿನವರು ಮರ್ಯಾದೆಯವರು ಅಂತ ಕೇಳಿದ್ದೇನೆ."

ಕರೆ ಕಡಿಯಿತು.

"ಕಡವಿನಬಾಗಿಲಿನವರು ಅಂದರೆ ಯಾರು?" ಎಂದಳು ಹರಿಣಾಕ್ಷಿ.

ಜಯತೀರ್ಥರು ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಬಲ್ಲಾಳ್ತಿಯ ಊರಿನ ಹೊಳೆಯಲ್ಲಿ, ದೋಣಿಕಡವಿನ ಪಕ್ಕದಲ್ಲಿ ಅವರು ಹುಟ್ಟಿದ ಮನೆ ಅದು. ಪಾಲಾಗಿ, ಮಾರಿ, ನೆಲಸಮವಾಗಿ ನಲವತ್ತು ವರ್ಷ ದಾಟಿತ್ತು. ಪಾಸ್‌ಪೋರ್ಟಿನಲ್ಲಿ ಆ ಹೆಸರಿಲ್ಲ. ಮದುವೆಯ ಕಾಗದದಲ್ಲೂ ಇರಲಿಲ್ಲ. ಈ ದ್ವೀಪಕ್ಕೆ ಬಂದ ಮೇಲೆ ಅದನ್ನು ಒಬ್ಬರ ಮುಂದೆಯೂ ಅವರು ಆಡಿರಲಿಲ್ಲ.

"ನಾನು," ಎಂದರು ಜಯತೀರ್ಥರು. "ಆ ಐದನೆಯ ಸಾಲಿನಲ್ಲಿರುವುದು ನನ್ನ ಮನೆತನದ ಹೆಸರು."

ನಾಲ್ಕಕ್ಕೆ ಎಂಟು ನಿಮಿಷ ಬಾಕಿಯಿತ್ತು. ಮುದುಕ ಕ್ಷಮೆ ಕೇಳುವವನಂತೆ ತಲೆ ಬಾಗಿಸಿ, ಡ್ರಿಲ್ಲಿನ ಮುಳ್ಳನ್ನು ಬಾಗಿಲಿಗೆ ಒತ್ತಿದ.